ಹರಕೆಯ ಜಡೆ

ಕೂದಲಿಗೆ ಕತ್ತರಿ ಆಡಿಸಿದರೆ ಸಾಕು, ಗಂಡಸಿಗೆ ಮಕ್ಕಳಾಗುತ್ತವೋ ಇಲ್ಲವೋ ಎಂದು ಕ್ಷೌರದಂಗಡಿಯ ಕನ್ನಡಿಯೇ ಹಸಿರಾಗಿಯೋ ಕೆಂಪಾಗಿಯೋ ಹೇಳಿಬಿಡುತ್ತಿದ್ದ ಕಾಲ. ಅದಕ್ಕೆ ಹೆದರಿಯೇ ಚನ್ನಬಸು, ಸಂತಾನದ ಹರಕೆಯೆಂದು ಊರಿಗೆಲ್ಲ ಹೇಳಿ, ಆರು ವರ್ಷದಿಂದ ಜಡೆ ಬಿಟ್ಟಿದ್ದ. ಇಂದು ಹೆಂಡತಿ ನೀಲವ್ವ ಅವನನ್ನು ಎಳೆತಂದು ಕುರ್ಚಿಯಲ್ಲಿ ಕೂರಿಸಿದಳು.

“ದೇವರು ಸಿಟ್ಟಾಗ್ತಾನ!” ಎಂದು ಅವನು ತಲೆ ಹಿಡಿದುಕೊಂಡ.

“ಆಗ್ಲಿ ಬಿಡ್ರಿ. ಇಷ್ಟು ವರ್ಷ ಮಕ್ಕಳಾಗ್ಲಿ ಅಂತ ಕಹಿ ಕಷಾಯ ಕುಡದಾಕಿ ನಾನು.”

ಕತ್ತರಿ ಕಚಕ್ಕೆಂದಿತು. ಕಾಯುತ್ತಿದ್ದ ಗಿರಾಕಿಗಳು ಕನ್ನಡಿಯತ್ತ ಕತ್ತು ಚಾಚಿದರು. ಕನ್ನಡಿ ಹಸಿರಾಗದೆ ಕೆಂಪಾಯಿತು.

ಕ್ಷೌರಿಕ ಅಂಬಣ್ಣ ಆರಾಮಾಗಿ ಒಂದು ಸೀಸೆ ತೆಗೆದ. “ಇದಕ್ಯಾಕ ಅಂಜತೀರಿ? ಮೂರು ತಿಂಗಳು ಈ ಎಣ್ಣಿ ಹಚ್ಚಿದ್ರ ಹಸಿರಾಗ್ತೈತಿ. ನಂಗೂ ಕೆಂಪ ಇತ್ತು, ಈಗ ಮೂರು ಮಕ್ಕಳು.”

ಚನ್ನಬಸು ನಿಟ್ಟುಸಿರುಬಿಟ್ಟು ನಕ್ಕ.

ನೀಲವ್ವ ನಗಲಿಲ್ಲ. ಕೆಳಗೆ ಬಿದ್ದ ಜಡೆಯನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು.

“ಕೆಂಪಿಗೆ ಎಣ್ಣಿ ಐತಿ. ಇದಕ್ಕ?”