ದ್ರಾಕ್ಷಿಯ ಕಾರು

"ಈ ಕಾರಿನ್ಯಾಗ ಮೊದಲ ಎಷ್ಟ ತಂಪ ಬರ್ತಿತ್ತರಿ, ಅವ್ವಾರ?"

ಬಾನೆಟ್ಟಿನೊಳಗೆ ತಲೆ ಹಾಕಿಕೊಂಡೇ ಮೆಕ್ಯಾನಿಕ್ ರಸೂಲಸಾಬ ಕೇಳಿದ. ಗ್ಯಾರೇಜಿನ ಬೆಂಚಿನ ಮೇಲೆ ಕುಳಿತಿದ್ದ ಗುರುಸಿದ್ದವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ನನಗೇನ ಗೊತ್ತೋ ಯಪ್ಪಾ. ದ್ರಾಕ್ಷಿಗೆ ಕೇಳು."

ರಸೂಲಸಾಬ ನಕ್ಕ. ಪಕ್ಕದಲ್ಲಿ ನಿಂತಿದ್ದ ಅವಳ ಗಂಡ ಬಸಗೊಂಡಪ್ಪ ನಗಲಿಲ್ಲ. ಬಿಸಿಲೇರುವ ಮೊದಲೇ ವಿಜಯಪುರ ಮುಟ್ಟಬೇಕೆಂದು ಇಬ್ಬರೂ ಬಿಜ್ಜರಗಿಯಿಂದ ನಸುಕಿನಲ್ಲೇ ಹೊರಟು ಬಂದಿದ್ದರು. ಹೋದ ಬೇಸಿಗೆಯಲ್ಲಿ ಬಸ್ಸಿನೊಳಗೆ ಬಿಸಿಲು ಬಡಿದು ಬಿದ್ದ ಗುರುಸಿದ್ದವ್ವ ಆಮೇಲೆ ಊರು ಬಿಟ್ಟು ಕದಲಿರಲಿಲ್ಲ. ಬಬಲೇಶ್ವರದಲ್ಲಿದ್ದ ತನ್ನ ಅಕ್ಕ ನೀಲವ್ವನ ಮುಖ ನೋಡಿ ವರ್ಷವಾಗಿತ್ತು. ಅದಕ್ಕೇ ಬಸಗೊಂಡಪ್ಪ, ತನ್ನ ಮೂವತ್ತು ವರ್ಷದ ಕಾಂಟೆಸಾ ಕಾರಿನಲ್ಲಿ ಎಂದೋ ಸತ್ತುಹೋಗಿದ್ದ ಏಸಿಯನ್ನು ಎಬ್ಬಿಸಲು ಹೊರಟಿದ್ದ.

"ಇದರ ಹಳೇ ಗ್ಯಾಸ ತಯಾರ ಮಾಡೂದ ಬಂದ್ ಆಗೈತ್ರಿ ಯಜಮಾನ್ರ. ಹೊಸಾದು ತುಂಬಬೇಕಂದ್ರ ಒಳಗಿನ ಎಣ್ಣಿ, ರಬ್ಬರ್ ರಿಂಗು ಎಲ್ಲಾ ಬದಲಿ ಮಾಡಬೇಕು. ಅಷ್ಟ ಮಾಡಿದ್ರೂ ಮೊದಲಿನಷ್ಟು ತಂಪ ಬರಂಗಿಲ್ಲ. ಅದಕ್ಕ ಕೇಳಿದ್ನಿ."

"ಬಂದಷ್ಟ ಬರಲಿ. ಮಾಡು," ಎಂದ ಬಸಗೊಂಡಪ್ಪ.

ರಸೂಲಸಾಬ ಪೈಪು ಜೋಡಿಸಿ, ಒಳಗೆ ಅಷ್ಟಿಷ್ಟು ಉಳಿದಿದ್ದ ಹಳೆಯ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡ. ಮೀಟರಿನ ಮುಳ್ಳು ತುಸು ನಡುಗಿ ಸೊನ್ನೆಗೆ ಬಿತ್ತು. ಅದನ್ನೇ ನೋಡುತ್ತಿದ್ದ ಬಸಗೊಂಡಪ್ಪನಿಗೆ ಹಿಂದಿನ ಸೀಟಿನಲ್ಲಿ ಎಂದೋ ಹೊತ್ತ ದ್ರಾಕ್ಷಿಯ ವಾಸನೆ ಮೂಗಿಗೆ ಬಂದಂತಾಯಿತು. ಆಗ ಅವರ ತೋಟಕ್ಕೆ ಹೊಸ ಪ್ರಾಯ. ಮೊದಲ ಕೊಯ್ಲಿನ ಗೊನೆಗಳನ್ನು ಗುರುಸಿದ್ದವ್ವ ಎಳೆಗೂಸಿನಂತೆ ಎತ್ತಿ, ಹಳೇ ಪೇಪರು ಹಾಸಿದ ಪೆಟ್ಟಿಗೆಗಳಲ್ಲಿ ಮಲಗಿಸುತ್ತಿದ್ದಳು. ಬಾಡಬಾರದೆಂದು ಏಸಿ ಹಚ್ಚಿಕೊಂಡು ಅವನು ವ್ಯಾಪಾರಿಗಳ ಹತ್ತಿರ ಒಯ್ಯುತ್ತಿದ್ದ. ಪೆಟ್ಟಿಗೆಗಳ ನಡುವೆ ಅವಳಿಗೆ ಜಾಗವೆಲ್ಲಿ? ಅವಳು ಸಂತೆಗೆ ಬಸ್ಸಿನಲ್ಲಿ ಬರುತ್ತಿದ್ದಳು. ತಿರುಗಿ ಹೋಗುವಾಗ ಮಾತ್ರ ಕಾರು ಹತ್ತುತ್ತಿದ್ದಳು. ಒಂದು ಏಪ್ರಿಲ್ ಮಧ್ಯಾಹ್ನ, ತಿಕೋಟಾ ದಾಟುವಾಗ, ಬೆವರಿ ನೀರಾಗಿದ್ದವಳು ಏಸಿಯ ಗುಂಡಿಗೆ ಕೈ ಚಾಚಿದ್ದಳು. "ಖಾಲಿ ಪೆಟ್ಟಿಗಿಗೆ ಯಾಕ ತಂಪು?" ಎಂದಿದ್ದ ಇವನು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಿದ್ದಳು. ಆಮೇಲೆ ಎಂದೂ ಚಾಚಲಿಲ್ಲ.

ಮಧ್ಯಾಹ್ನ ಎರಡಕ್ಕೆ ಕೆಲಸ ಮುಗಿಯಿತು. ಹೊಸ ಗ್ಯಾಸಿನ ಹೆಸರಿದ್ದ ಚೀಟಿಯನ್ನು ರಸೂಲಸಾಬ ಬಾನೆಟ್ಟಿನ ಒಳಮೈಗೆ ಅಂಟಿಸಿದ. ಕಾರು ಬಬಲೇಶ್ವರದ ದಾರಿ ಹಿಡಿಯಿತು. ಹೊರಗೆ ಡಾಂಬರು ಕಾದು ಮಿನುಗುತ್ತಿತ್ತು. ಗುರುಸಿದ್ದವ್ವ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಬಸಗೊಂಡಪ್ಪ ತಾನೇ ಗುಂಡಿ ತಿರುಗಿಸಿದ. ಮೊದಲು ಧೂಳಿನ ವಾಸನೆ, ಆಮೇಲೆ ಬೆಚ್ಚನೆ ಗಾಳಿ, ಆಮೇಲೆ ಸಣ್ಣಗೆ ತಂಪು. ಅವಳ ಹಣೆಯ ಬೆವರು ಆರತೊಡಗಿತು.

"ಅವತ್ತ ನಾ ಹಂಗ ಅನಬಾರದಿತ್ತು," ಎಂದ ಬಸಗೊಂಡಪ್ಪ, ರಸ್ತೆಯ ಮೇಲಿನ ಕಣ್ಣು ತೆಗೆಯದೆ.

"ಯಾವತ್ತ?"

"ಏನಿಲ್ಲ ಬಿಡು," ಎಂದ. ಗುಂಡಿಯನ್ನು ಇನ್ನೊಂದಿಷ್ಟು ತಿರುಗಿಸಿದ.

ಬಬಲೇಶ್ವರದಲ್ಲಿ ಕಾರಿನ ಸಪ್ಪಳ ಕೇಳಿ ನೀಲವ್ವ ಕೋಲೂರಿಕೊಂಡು ಹೊರಗೆ ಬಂದಳು. ಬಸಗೊಂಡಪ್ಪ ಇಂಜಿನ್ ಆರಿಸದೆ ಇಳಿದು ಹೆಂಡತಿಯ ಕಡೆಯ ಬಾಗಿಲು ತೆರೆದ. ಗುರುಸಿದ್ದವ್ವ ಇಳಿಯಲಿಲ್ಲ. "ಅಕ್ಕಾ, ನೀನ ಒಳಗ ಬಾರ ಬೇ," ಎಂದು ಅಕ್ಕನ ಕೈ ಹಿಡಿದೆಳೆದು, ತಾನು ಸ್ಟೇರಿಂಗಿನ ಕಡೆ ಸರಿದು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಗಿಲೆಳೆದುಕೊಂಡಳು.

ಬಸಗೊಂಡಪ್ಪ ಸ್ಟೇರಿಂಗಿನ ಕಡೆಗೆ ಸುತ್ತಿ ಬಂದು ಉರಿಬಿಸಿಲಲ್ಲಿ ನಿಂತ. ಒಳಗೆ ಇಬ್ಬರು ಮುದುಕಿಯರು ಒಬ್ಬರ ಕೈ ಒಬ್ಬರು ಹಿಡಿದು ನಗುತ್ತಿದ್ದರು. ಮಾತು ಹೊರಗೆ ಕೇಳಿಸುತ್ತಿರಲಿಲ್ಲ. ತನ್ನ ಸುದ್ದಿಯೇ ನಡೆದಿರಬೇಕೆಂದು ಅವನು ಸ್ವಲ್ಪ ಬಾಗಿದ. ಗುರುಸಿದ್ದವ್ವ ಕಿಟಕಿಯ ಗ್ಲಾಸನ್ನು ಎರಡು ಬೆರಳಷ್ಟು ಇಳಿಸಿದಳು.

"ನೆರಳಿಗರೆ ಹೋಗಿ ನಿಂದರ್ರಿ," ಎಂದಳು. ಮತ್ತೆ ಏರಿಸಿದಳು.