ಅಲುಗಿದ ದವಡೆ

ವಿದ್ಯಾವತಿ ತುಟಿ ಬಿಗಿದೇ ಕೂತಿದ್ದಳು, ಗದ್ದಕ್ಕೆ ಪಟ್ಟಿ ಕಟ್ಟಿತ್ತು. ಆದರೂ ಸೊಲ್ಲಾಪುರದ ಆಸ್ಪತ್ರೆಯ ಈ ಹೊಸ ಸ್ಕ್ಯಾನ್ ಯಂತ್ರದ ಚಿತ್ರದಲ್ಲೂ ಅವಳ ದವಡೆ ಎರಡೆರಡಾಗಿ ಮೂಡಿತು.

“ಬಿಜಾಪುರದ ಸಿಟಿ ಸ್ಕ್ಯಾನ್‌ನ್ಯಾಗ ಬರೇ ಮಬ್ಬಿತ್ತು. ಇದು ಹಲ್ಲಿನ ಬೇರೂ ಬಿಡದ ತೋರಸ್ತೈತಿ. ಬುರುಡಿ ಗಟ್ಟ್ಯಾಗಿ ನಿಂತೈತಿ, ದವಡಿ ಅಷ್ಟ ಅಲುಗೈತಿ. ಸ್ಕ್ಯಾನ್ ಮಾಡುವಾಗ ಏನ್ ಮಾತಾಡಾಕತ್ತಿದ್ರಿ ಅಕ್ಕಾರ?” ಎಂದರು ಡಾಕ್ಟರ್.

“ಈಕಿ ಎಲ್ಲಿ ಮಾತಾಡ್ತಾಳ್ರಿ? ಸಣ್ಣ ಸೊಸಿ ಸ್ಟೋವ್ ಸಿಡಿದು ಸತ್ತಾಗಿಂದ ಈಕಿ ಬಾಯಿ ಬಿಟ್ಟಿಲ್ಲ. ರಾತ್ರಿ ಹಲ್ಲು ಕಡಿಯೋದಷ್ಟ,” ಎಂದು ಬಾಗಿಲಲ್ಲಿ ನಿಂತಿದ್ದ ಅತ್ತೆ ನೀಲವ್ವ ನಕ್ಕಳು.

ಪರದೆಯ ಮೇಲೆ ತನ್ನದೇ ಬುರುಡೆ, ಮಾಂಸವಿಲ್ಲದ ಬಾಯಿ ತೆರೆದು, ಮೆಲ್ಲಗೆ ಅತ್ತೆಯ ಕಡೆ ತಿರುಗುವುದನ್ನು ವಿದ್ಯಾವತಿ ಕಂಡಳು. ಗದ್ದದ ಪಟ್ಟಿಯನ್ನು ಕಿತ್ತೆಸೆದಳು.

“ಸ್ಟೋವ್ ಸಿಡದಿಲ್ಲರಿ ಡಾಕ್ಟರ. ನನ್ನ ನೆಗೆಣ್ಣಿ ಮೈಮ್ಯಾಲ ಈ ನಮ್ಮತ್ತಿಯವರು ಚಿಮಣಿ ಎಣ್ಣಿ ಸುರುವಿದ್ರು. ನಾ ನೋಡೇನಿ.”