ನಿಂತಲ್ಲೇ ಓಡುವ ಕಾರು

ಬಿಚ್ಚಿದ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನು ಅಂಗೈಯಲ್ಲಿಟ್ಟು ನೋಡಿದ ಮೆಕ್ಯಾನಿಕ್ ದಾದಾಪೀರನಿಗೆ ರೇಗಿಹೋಯಿತು. ಯುಗಾದಿಗೆ ತಾನೇ ಕೈಯಾರೆ ಹಾಕಿದ ಹೊಸ ಪ್ಲಗ್ಗುಗಳು ಸೌದೆ ಒಲೆಯ ಪಾತ್ರೆಯಂತೆ ಮಸಿ ಹಿಡಿದಿದ್ದವು.

"ಏನಕ್ಕಾ ಇದು? ಕಾರು ಸ್ಟಾರ್ಟ್ ಮಾಡಿ ನಿಂತಲ್ಲೇ ಆಫ್ ಮಾಡ್ತಿದ್ರೆ ಮಸಿ ಕಟ್ಟದೆ ಇನ್ನೇನಾಗುತ್ತೆ? ಇಂಜಿನ್ ಚೆನ್ನಾಗಿ ಕಾದ್ರೆ ತಾನೇ ಆ ಮಸಿ ಸುಟ್ಟುಹೋಗೋದು! ವಾರಕ್ಕೊಂದ್ಸಲನಾದ್ರೂ ಹೈವೇಲಿ ಓಡಿಸ್ಬೇಕು. ಅಣ್ಣ ಎಲ್ಲಿ? ಅವರಿಗೇ ಹೇಳ್ತೀನಿ."

"ಮೆಲ್ಲಗೆ ಮಾತಾಡಿ," ಎಂದು ಕಾರಿನ ಪಕ್ಕ ನಿಂತಿದ್ದ ಆ ಮನೆಯ ಸೊಸೆ ಕಿಟಕಿಯತ್ತ ನೋಡಿದಳು. ಒಳಗೆ ಮಂಚದ ಮೇಲೆ ಕಣ್ಣು ಕಾಣದ ಅತ್ತೆ ಮಲಗಿದ್ದರು. "ನಮ್ಮನೆಯವರು ತೀರ್ಕೊಂಡು ಮೂರು ತಿಂಗಳಾಯ್ತು. ಆಗ ಅತ್ತೆ ಆಸ್ಪತ್ರೆಲಿದ್ರು, ಹೇಳೋಕೆ ಧೈರ್ಯ ಬರ್ಲಿಲ್ಲ. ತಾಯಿ ಮಗ ಮಾತು ಬಿಟ್ಟು ಎರಡು ವರ್ಷ ಆಗಿತ್ತು. ಆದ್ರೂ ಸಂಜೆ ಆರಕ್ಕೆ ಕಾರಿನ ಸದ್ದು ಕೇಳಿದ್ಮೇಲೇ, ಮಗ ಮನೆಗೆ ಬಂದ ಅಂತ, ಒಂದು ತುತ್ತು ತಿಂತಿದ್ರು. ಅದಕ್ಕೇ ದಿನಾ ಕಾರಲ್ಲಿ ಕೂತು ಐದು ನಿಮಿಷ ಸ್ಟಾರ್ಟ್ ಮಾಡ್ತೀನಿ."

ದಾದಾಪೀರ ಮಸಿ ಹಿಡಿದ ಪ್ಲಗ್ಗುಗಳನ್ನು ಪಕ್ಕಕ್ಕಿಟ್ಟ. ಹೊಸ ಪ್ಲಗ್ಗು ಹಾಕಿ, ಇಂಜಿನ್ ಸದ್ದು ಸರಿಯಾದದ್ದನ್ನು ಕೇಳಿಸಿಕೊಂಡು ಆಫ್ ಮಾಡಿದ. ಅವಳು ಟೀ ತರಲು ಅಡುಗೆಮನೆಗೆ ಹೋದಳು. ಕಿಟಕಿಯೊಳಗಿಂದ ಅತ್ತೆ ಕರೆದರು.

"ಸರಿಹೋಯ್ತೇನಪ್ಪಾ?"

"ಹೋಯ್ತಮ್ಮಾ."

"ಇನ್ನು ಅದನ್ನ ಕೆಡೋಕೆ ಬಿಡ್ಬೇಡ. ನಂಗೆ ಕೇಳಿಸಲ್ಲ ಅಂದ್ಕೊಂಡು, ಆ ಸದ್ದಲ್ಲಿ ಮಾತ್ರ ನನ್ನ ಸೊಸೆ ಬಾಯಿಬಿಟ್ಟು ಅಳ್ತಾಳೆ."